ಹೊಸ ಕ್ಲಿನಿಕ್ಕಿನ ಬಾಗಿಲ ಬೆಂಚು

ಇದನ್ನು ಹೇಳಬೇಕೆಂದುಕೊಂಡು ಮುಂದೂಡುತ್ತಲೇ ಬಂದೆ. ಒಮ್ಮೆ ಹಬ್ಬ ಅಡ್ಡ ಬಂತು, ಒಮ್ಮೆ ಕಣ್ಣಿನ ಆಪರೇಷನ್, ನೆವಗಳಿಗೇನು ಬರವೇ? ಇವತ್ತು ಬೆಳಿಗ್ಗೆ ಅಂಗಿ ಹಾಕಿಕೊಳ್ಳಲು ಹೋದರೆ ಬಲಗೈ ಅರ್ಧಕ್ಕೇ ನಿಂತುಬಿಟ್ಟಿತು. ಒಂದು ತೋಳು ಒಳಗೆ, ಒಂದು ಹೊರಗೆ.

"ಆಕಿ ಕಡೆ ಹೋಗ್ರಿ ಅಂದ್ರ ಹೋಗಂಗಿಲ್ಲ ನೀವು. ಹಿಂಗ ಬೆದರಗೊಂಬಿ ಹಂಗ ನಿಲ್ರಿ," ಎಂದು ಹೆಂಡತಿ ಒಳಗೆ ಹೋದಳು. ನನಗೆ ನನ್ನ ಮೇಲೆಯೇ ರೇಗಿತು.

ಆಕೆ ಫಿಜಿಯೋಥೆರಪಿಯವಳು. ಗಂಗಾವತಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಂಬಳಕ್ಕಿದ್ದಳು. ಆಗಲೂ ನನ್ನ ಇದೇ ಹೆಗಲು ಬಿಗಿದಿತ್ತು. ಗುಳಿಗೆಯಿಲ್ಲ, ಸೂಜಿಯಿಲ್ಲ, ಗೋಡೆಯ ಮೇಲೆ ಬೆರಳು ನಡೆಸಿರಿ ಎನ್ನುತ್ತಿದ್ದಳು. ಇದೆಂಥ ಔಷಧ ಎಂದು ಗೊಣಗುತ್ತಲೇ ನಡೆಸಿದೆ, ಕೈ ಮೇಲೆದ್ದಿತು. ಒಂದು ದಿನ ಹೇಳಿದಳು: "ಇಲ್ಲಿ ಒಬ್ಬರ ಕೈ ಹಿಡಿಯೂದ್ರಾಗ ಇನ್ನೊಬ್ಬರನ್ನ ಒಳಗ ಕಳಸ್ತಾರ ಕಾಕಾ. ನೌಕರಿ ಬಿಡಾಕತ್ತೀನಿ. ನಂದೇ ಒಂದು ರೂಮ್ ನೋಡೀನಿ." ದೊಡ್ಡ ಡಾಕ್ಟರು ನನ್ನೆದುರಿಗೇ, "ಹೋಗವಾ, ಛಲೋ ಆಗ್ಲಿ," ಎಂದು ಕಳಿಸಿಕೊಟ್ಟರು.

ಹೊಸ ಕ್ಲಿನಿಕ್ಕಿಗೆ ಹೆಚ್ಚು ಜನ ಬರಲಿಲ್ಲ. ಜನ ಕಂಡರೆ ಜನ ಬರುತ್ತಾರೆ ಎಂದುಕೊಂಡು ದಿನಾ ಮುಂಜಾನೆ ಹೋಗಿ ಬಾಗಿಲ ಬೆಂಚಿನ ಮೇಲೆ ಕುಳಿತೆ. ಯಾರೂ ಕರೆದಿರಲಿಲ್ಲ. ಬಂದವರನ್ನೆಲ್ಲ "ಯಾರ ಪೈಕಿರಿ? ಏನಾಗೇತಿ?" ಎಂದು ವಿಚಾರಿಸಿ, ನನ್ನ ಹೆಗಲಿನ ಪುರಾಣ ಬಿಚ್ಚುತ್ತಿದ್ದೆ. ಅವಳನ್ನು ಹುಡುಕಿಕೊಂಡು ಬರುತ್ತಿದ್ದವರೋ, ಗದ್ದೆಯಲ್ಲಿ ಬಗ್ಗಿ ಭತ್ತದ ಸಸಿ ಹಚ್ಚಿ ಸೊಂಟ ಹಿಡಿದ ಹೆಂಗಸರು. ಬಾಗಿಲಲ್ಲೇ ಪರಗಂಡಸು, ಅದೂ ಊರಿಗೆಲ್ಲ ಪರಿಚಯದ ಬಾಯಿ! ಸೆರಗು ಎಳೆದುಕೊಂಡು ಹಾಗೇ ಮುಂದೆ ಹೋಗಿಬಿಡುತ್ತಿದ್ದರು. "ಈ ಮಂದಿಗೆ ಬುದ್ಧಿ ಯಾವಾಗ ಬರ್ತೈತೋ," ಎಂದು ನಾನು ಹಲ್ಲು ಕಡಿಯುತ್ತಿದ್ದೆ. ನೀವೇ ಹೇಳಿ, ಬುದ್ಧಿ ಬರಬೇಕಾದದ್ದು ಯಾರಿಗೆ?

ಕೊನೆಗೆ ಅವಳೇ ಚಹಾ ತಂದುಕೊಟ್ಟು ಮೆತ್ತಗೆ ಹೇಳಿದಳು: "ಕಾಕಾ, ಸಿಟ್ಟಾಗಬ್ಯಾಡ್ರಿ. ನೀವು ಕುಂತ್ರ ಹೆಣ್ಮಕ್ಕಳು ಒಳಗ ಬರವಲ್ಲರು. ಕೈ ನೋವಾದಾಗ ಬರ್ರಿ, ಸುಮ್ಮಸುಮ್ಮನ ಬ್ಯಾಡ್ರಿ."

ಅರ್ಧ ಚಹಾ ಬಿಟ್ಟು ಎದ್ದೆ. ಮೂಲೆಯ ಹೋಟೆಲಿನವನು, "ಏನ್ರೀ ಯಜಮಾನ್ರ, ಇವತ್ತ ಡ್ಯೂಟಿ ಇಲ್ಲೇನು?" ಎಂದು ನಕ್ಕ. ಕುಳಿತವರೂ ನಕ್ಕರು. ಆ ನಗು ತಡೆಯಲಾರದೆ ಅಂದುಬಿಟ್ಟೆ: "ಆಕಿ ತಾನಾಗಿ ನೌಕರಿ ಬಿಟ್ಟಿಲ್ಲೋ. ಯಾರದೋ ಕೈ ಕೆಡಿಸ್ಯಾಳಂತ ಡಾಕ್ಟರು ಹೊರಗ ಹಾಕ್ಯಾರ."

ಸ್ವಲ್ಪ ದಿನಕ್ಕೆ ಕೊಪ್ಪಳದ ಬಸ್ಸಿನಲ್ಲಿ ಅದೇ ಮಾತು ಉಪ್ಪುಖಾರ ಹಚ್ಚಿಕೊಂಡು ನನ್ನ ಕಿವಿಗೇ ಬಂತು. ಅಲ್ಲ ಎನ್ನಬಹುದಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ವರ್ಷವೇ ಅವಳು ರೂಮು ಬಿಡಬೇಕಾಯಿತು. ಬಿಸಿಲಿನಲ್ಲಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿದಳು. ಹೆಂಗಸರ ಬಾಯಿಂದ ಹೆಂಗಸರಿಗೆ ಹೆಸರು ಹಬ್ಬಿ, ಮತ್ತೆ ಬಾಗಿಲು ತೆರೆಯಲು ಎಷ್ಟೋ ಕಾಲ ಹಿಡಿಯಿತು.

ಇವತ್ತು ಹೋದೆ. ಒಳಗೆ ಕೂರಲು ಜಾಗವಿರಲಿಲ್ಲ. "ಬರ್ರಿ ಕಾಕಾ, ಭಾಳ ದಿನಾತು," ಎಂದು ನನ್ನ ಕೈಯನ್ನು ಮೆಲ್ಲಗೆ ಎತ್ತಿದಳು. "ನೋವೈತೇನ್ರಿ?"

"ಐತವಾ," ಎಂದೆ. ಅಷ್ಟೇ ಹೊರಟಿತು. ಇಷ್ಟು ವರ್ಷ ಬೇಡದ್ದನ್ನೆಲ್ಲ ಆಡಿದ ಬಾಯಿ, ಬೇಕಾದ ಒಂದು ಮಾತಿಗೆ ಮುಚ್ಚಿಕೊಂಡಿತು.

ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಆ ಮಾತನ್ನು ಕೇಳಿ ನಂಬಿದವರು ಇನ್ನೂ ಇದ್ದರೆ, ಅದು ಸುಳ್ಳು. ಆಕೆಯನ್ನು ಯಾರೂ ಹೊರಗೆ ಹಾಕಿರಲಿಲ್ಲ. ಕುಷ್ಟಗಿ ಕಡೆಯ ಹುಡುಗಿ. ಹೆಸರು ಶರಣಮ್ಮ.