ಕಾಶೆವ್ವನ ಕವಿತೆ

ಅಂಬಿಕಾನಗರದ ವಿದ್ಯುತ್ ನಿಗಮದ ಕ್ವಾರ್ಟರ್ಸಿನಲ್ಲಿ ಮದುವೆಯಿರಲಿ, ಸೀಮಂತವಿರಲಿ, ಹೆಂಗಸರು ಮೊದಲು ಓಡುವುದು ರಾಜಶ್ರೀಯ ಮನೆಗೆ. ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವ ಒಡಪು ಕಟ್ಟುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಗಂಡ ಎಂಥವನೇ ಇರಲಿ, ಒಂದು ಮೊರ ಅಕ್ಕಿ ಆರಿಸುವಷ್ಟರಲ್ಲಿ ಅವನಿಗೆ ಎರಡು ಸಾಲು ಸಿದ್ಧ.

ಅವಳು ಕವಿತೆಯನ್ನೂ ಬರೆಯುತ್ತಾಳೆ ಎಂಬುದು ಯಾರಿಗೆ ಬೇಕು? ಮೂರು ನೋಟ್‌ಬುಕ್ ತುಂಬಿವೆ, ಅಚ್ಚಾದ ಕವಿತೆ ನಾಲ್ಕೇ. ಅವಳ ಜೀವವೆಲ್ಲ ಇದ್ದದ್ದು ‘ಕಾಶೆವ್ವ’ ಎಂಬ ಕವಿತೆಯ ಮೇಲೆ. ಹಳಿಯಾಳದ ಕಡೆಯ ತವರಿನಲ್ಲಿ ಅವಳ ಹೆಸರೇ ಅದು. ಇಪ್ಪತ್ತೆರಡು ವರ್ಷಗಳ ಹಿಂದೆ ಮದುವೆಯ ದಿನ ಗಂಡನ ಮನೆಯವರು ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ‘ರಾಜಶ್ರೀ’ ಎಂದು ಹೊಸ ಹೆಸರು ಬರೆಸಿದರು. ಅವ್ವ ಹೋದ ಮೇಲೆ ಹಳೆಯ ಹೆಸರು ಹಿಡಿದು ಕರೆಯುವವರೇ ಇಲ್ಲ. ಅದನ್ನು ಒಮ್ಮೆಯಾದರೂ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಬೇಕು, ಅವಳ ಆಸೆ ಇಷ್ಟೇ.

ಹೋದ ಜನವರಿಯಲ್ಲಿ ದಾಂಡೇಲಿಯ ಕವಿಗೋಷ್ಠಿಗೆ ಕರೆ ಬಂತು. ತಲೆಗೆ ಮೂರು ನಿಮಿಷ. ಮೈಕಿನ ಮುಂದೆ ನಿಂತು ಹಾಳೆ ಬಿಡಿಸುವಷ್ಟರಲ್ಲಿ ನಿರೂಪಕಿ ಗೋದುಬಾಯಿ ಅಡ್ಡ ಬಂದಳು.

“ತಡೀರಿ ಅಕ್ಕಾರ, ಒಡಪು ಹೇಳಲಾರದ ನಿಮ್ಮನ್ನ ಬಿಡೂದಿಲ್ಲ. ಸಾಹೇಬ್ರು ಮುಂದ ಕುಂತಾರ, ಮೊದಲ ಅವರ ಹೆಸರು ಹೇಳ್ರಿ!”

ಒಲ್ಲೆನೆಂದರೆ ತುಂಬಿದ ಸಭೆಯಲ್ಲಿ ಗಂಡನಿಗೆ ಅವಮಾನ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದಳು:

“ಕಾಳಿ ಹೊಳಿ ಕಟ್ಟಿದ್ದಕ್ಕ ಊರಿಗೆಲ್ಲ ಕರೆಂಟು,
ಉದಯಕುಮಾರರ ಕೂಡ ನಂದು ಏಳು ಜನ್ಮದ ಗಂಟು.”

ಚಪ್ಪಾಳೆಯೋ ಚಪ್ಪಾಳೆ. ‘ಇನ್ನೊಂದು!’ ಎಂದರು. ಹಾಳಾದ ನಾಲಿಗೆ, ಇನ್ನೊಂದನ್ನೂ ಹೇಳಿತು. ಮೂರನೆಯದು ಮುಗಿಯುವಷ್ಟರಲ್ಲಿ ಸಮಯ ಮುಗಿದ ಗಂಟೆ ಹೊಡೆಯಿತು. ಅಧ್ಯಕ್ಷರು ಕೈಮುಗಿದು ಮುಂದಿನ ಕವಿಯನ್ನು ಕರೆದರು. ಹಾಳೆ ಮಡಿಚಿಕೊಂಡು ಇಳಿಯುವಾಗ ರಾಜಶ್ರೀಗೆ ಯಾರ ಮೇಲೂ ಅಲ್ಲ, ತನ್ನ ಮೇಲೆಯೇ ಸಿಟ್ಟು ಉಕ್ಕಿತು. ಅಳುವಂತೆಯೂ ಇರಲಿಲ್ಲ, ಜನ ಕೈಕುಲುಕುತ್ತಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಉದಯಕುಮಾರ ಹಿಗ್ಗಿ ಹೀರೇಕಾಯಿಯಾಗಿದ್ದ. ಕೆಟ್ಟವನಲ್ಲ ಅವನು. ಕಿಟಕಿ ಪಕ್ಕದ ಸೀಟು ಅವಳಿಗೇ ಬಿಟ್ಟಿದ್ದ.

“ನನ್ನ ಹೆಸರಿಗೆ ಏನ್ ಚಪ್ಪಾಳಿ ಬಿದ್ವು ನೋಡು! ಅಂದಂಗ, ಕವಿತಾ ಯಾರ ಮ್ಯಾಲ ಬರದಿದ್ದಿ?”

“ಕಾಶೆವ್ವನ ಮ್ಯಾಲರಿ.”

ಅವನು ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದ. “ಯಾವ ಕಾಶೆವ್ವ? ನಿಮ್ಮ ತವರಿನ ಪೈಕಿ ಯಾರರ ಏನು?”

“ಹೌದ್ರಿ,” ಎಂದಳು ರಾಜಶ್ರೀ. “ತೀರಿಕೊಂಡು ಇಪ್ಪತ್ತೆರಡು ವರ್ಷ ಆತು.”