ಗ್ಯಾಸ್ಟ್ರಿಕ್ ಎಂದುಕೊಂಡಿದ್ದೆ

ಎಂ.ಎ. ಓದುವಾಗ ನಾನು ತುಮಕೂರಿನ ಮರಳೂರಿನಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದೆ. ಜೊತೆಗಿದ್ದವಳು ಗುಬ್ಬಿಯವಳು, ಮನಃಶಾಸ್ತ್ರದ ವಿದ್ಯಾರ್ಥಿನಿ. ನನ್ನದು ಅರ್ಥಶಾಸ್ತ್ರ. ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಅವಳು ಸಂಜೆ ನನ್ನ ಮೇಲೆ ಪ್ರಯೋಗಿಸುತ್ತಿದ್ದಳು.

“ಕಣ್ಮುಚ್ಚು. ಈಗ ನಿಂಗೆ ಏನನ್ನಿಸ್ತಿದೆ ಹೇಳು.”

“ಹಸಿವಾಗ್ತಿದೆ.”

“ಅದು ಭಾವನೆ ಅಲ್ಲ ಕಣೇ.”

“ನಮ್ಮೂರಲ್ಲಿ ಅದೇ ಭಾವನೆ. ಮಿಕ್ಕಿದ್ದೆಲ್ಲ ಉಂಡಾದ್ಮೇಲೆ.”

ತಮಾಷೆಗೆ ಹೇಳಿದ್ದಲ್ಲ. ಕುಣಿಗಲ್ ಕಡೆಯ ಕೊತ್ತಗೆರೆಯ ನಮ್ಮ ಮನೆಯಲ್ಲಿ ಅಪ್ಪ ಸಿಟ್ಟು ಬಂದರೆ ತೆಂಗಿನ ತೋಟಕ್ಕೆ ಹೋಗುತ್ತಿದ್ದರು. ಖುಷಿಯಾದರೂ ತೋಟಕ್ಕೇ ಹೋಗುತ್ತಿದ್ದರು. ಪಿಯುಸಿಯಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದ ದಿನ ಅವ್ವ ಮುದ್ದೆಯ ಮೇಲೆ ಇನ್ನಷ್ಟು ತುಪ್ಪ ಸುರಿದಳು, ಅಷ್ಟೇ. ಹಾಗೆ ಬೆಳೆದ ನನ್ನನ್ನು ಇವಳು ‘ದುಃಖಾನಾ, ಬೇಜಾರಾ, ಆತಂಕಾನಾ?’ ಎಂದು ಬಿಡಿಸಿ ಕೇಳಿದರೆ, ಸಂತೆಯಲ್ಲಿ ಹೆಸರು ಗೊತ್ತಿಲ್ಲದ ಸೊಪ್ಪಿನ ಮುಂದೆ ನಿಂತಂತಾಗುತ್ತಿತ್ತು.

ಕೊನೆಯ ಸೆಮಿಸ್ಟರ್ ಶುರುವಾದಾಗ ಅವಳು, “ಇನ್ಮೇಲೆ ಮನೆಯಿಂದ್ಲೇ ಓಡಾಡ್ತೀನಿ. ರೈಲಿದ್ಯಲ್ಲ. ಭಾನುವಾರ ಖಾಲಿ ಮಾಡ್ತೀನಿ” ಎಂದಳು.

“ಸರಿ ಬಿಡು,” ಎಂದೆ. ಗುಬ್ಬಿಯೇನು ಪರದೇಶವಲ್ಲ, ಬಸ್ಸಿನಲ್ಲಿ ಒಂದು ತೂಕಡಿಕೆ ಮುಗಿಯುವುದರೊಳಗೆ ಬಂದುಬಿಡುತ್ತದೆ. ಆದರೆ ಮಾರನೆಯ ಬೆಳಿಗ್ಗೆಯಿಂದ ಎದೆಯಲ್ಲಿ ಉರಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಇದು ಗ್ಯಾಸ್ಟ್ರಿಕ್ಕೇ ಎಂದು ತೀರ್ಮಾನಿಸಿ, ಶಿರಾ ಗೇಟಿನ ಬಳಿಯ ಡಾಕ್ಟರ ಹತ್ತಿರ ಹೋದೆ.

“ಏನಮ್ಮಾ ತಿಂದಿದ್ದೆ?” ಎಂದರು ಅವರು.

“ಎಂದಿನಂಗೇ ಸರ್.”

“ಯಾವಾಗಿಂದ ಹಿಂಗೆ?”

“ನನ್ನ ರೂಮ್‌ಮೇಟ್ ಖಾಲಿ ಮಾಡ್ತೀನಿ ಅಂದಾಗಿಂದ.” ದಿನ ಗುರುತು ಹೇಳಲೆಂದಷ್ಟೇ ಹಾಗೆ ಹೇಳಿದ್ದೆ.

ಅವರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು ನಗತೊಡಗಿದರು. “ಮಾತ್ರೆ ಬರ್ಕೊಡ್ತೀನಿ. ಆದ್ರೆ ಈ ವಿಷ್ಯ ಅವ್ಳಿಗೆ ಹೇಳಿದ್ಯಾ?”

ಇವರಿಗೆ ವಯಸ್ಸಾಯಿತು ಎಂದುಕೊಂಡು ಹೊರಬಂದೆ. ಉರಿ ಹೊಟ್ಟೆಯದಲ್ಲ ಎಂದು ರಸ್ತೆ ದಾಟಲು ನಿಂತಾಗಲೇ ನನಗೆ ಹೊಳೆದದ್ದು. ಹೊಳೆದ ಕೂಡಲೇ ನಾಚಿಕೆಯಾಗಿ, ಸುತ್ತ ಯಾರಾದರೂ ನೋಡಿದರೇ ಎಂದು ನೋಡಿಕೊಂಡೆ.

ಗೊತ್ತಾದರೇನು, ಬಾಯಿಗೆ ಬರಬೇಕಲ್ಲ! ಹೇಳಬೇಕೆಂದು ಅವಳೆದುರು ಕೂತರೆ, “ನನ್ನ ಬಕೆಟ್ ಯಾಕೆ ಮುಟ್ಟಿದೆ?” ಎಂಬ ಜಗಳವೇ ಹೊರಬರುತ್ತಿತ್ತು. ಭಾನುವಾರ ಬಂತು. ಅವಳ ಅಪ್ಪ ಗೂಡ್ಸ್ ಆಟೋದಲ್ಲಿ ಬಂದು ಮಂಚ, ಹಾಸಿಗೆ ಎಲ್ಲ ಏರಿಸಿದರು. ನಾನು ಸದ್ದಿಲ್ಲದೆ ಅವಳ ಒಂದು ಚಪ್ಪಲಿ ಎತ್ತಿಕೊಂಡು ಹೋಗಿ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಇಟ್ಟುಬಂದೆ.

ಇಡೀ ಮನೆ ಹುಡುಕಾಟ. ಓನರ್ ಆಂಟಿ ಬೀದಿ ನಾಯಿಗೆ ಬೈದರು. ಅವಳಪ್ಪ, “ಬುಡವ್ವಾ, ಬೇರೆ ತಗಂಡ್ರಾಯ್ತು. ಗಾಡಿ ಹತ್ತು” ಎಂದರು. ಅವಳು ಮಾತ್ರ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

“ನೀನೇ ಅಲ್ವೇನೇ?”

ಮೇಲೆ ಹೋಗಿ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟೆ. “ನೀನು ಹೋದ್ರೆ ನಂಗೆ ಗ್ಯಾಸ್ಟ್ರಿಕ್ ಆಗುತ್ತೆ ಕಣೇ,” ಎಂದೆ. ಅದಕ್ಕಿಂತ ಚೆನ್ನಾಗಿ ಹೇಳಲು ಆಗಲಿಲ್ಲ.

ಒಂದೂವರೆ ವರ್ಷ ಮನಸ್ಸಿನ ಪಾಠ ಓದಿದವಳು, “ಟೈಮಿಗೆ ಸರಿಯಾಗಿ ಊಟ ಮಾಡು” ಎಂದು ಗದರಿ, ಚಪ್ಪಲಿ ಮೆಟ್ಟಿಕೊಳ್ಳದೆ ಕೈಯಲ್ಲೇ ಹಿಡಿದು ಗಾಡಿ ಹತ್ತಿದಳು. ಅವಳ ಕಣ್ಣು ಕೆಂಪಾಗಿತ್ತು.

ಏನಾಯಿತೆಂದು ಅವಳಪ್ಪ ಕೇಳಿದ್ದಕ್ಕೆ ಅವಳು, “ಧೂಳು ಕಣಪ್ಪ” ಎಂದದ್ದು ನನಗೂ ಕೇಳಿಸಿತು.

ಮುಂದಿನ ವಾರ ನಾನೇ ಗುಬ್ಬಿಗೆ ಹೋದೆ. ಅವಳ ಅಮ್ಮ ನಮ್ಮಿಬ್ಬರ ಮುಂದೆ ಒಂದು ಮೊರ ಅವರೆಕಾಯಿ ಇಟ್ಟು ಒಳಗೆ ಹೋದರು. ಇಬ್ಬರೂ ಕಾಯಿ ಬಿಡಿಸತೊಡಗಿದೆವು. ಆಮೇಲೆ ಅವಳು ತಲೆಯೆತ್ತದೆ, “ನಿನ್ನ ಗೊರಕೆ ಇಲ್ದೆ ನಂಗೆ ನಿದ್ದೇನೇ ಬರ್ತಿಲ್ಲ ಕಣೇ” ಎಂದಳು.

ನಾನು ಗೊರಕೆ ಹೊಡೆಯುತ್ತೇನೆಂದು ಆವರೆಗೆ ಯಾರೂ ಹೇಳಿರಲಿಲ್ಲ. ಮೈಯೆಲ್ಲ ಬಿಸಿಯಾಯಿತು. ಅದು ಸಿಟ್ಟು ಎಂದು ಯಾರನ್ನೂ ಕೇಳದೆಯೇ ಗೊತ್ತಾಯಿತು. “ನಂಗೆ ಸಿಟ್ಟು ಬಂದಿದೆ” ಎಂದು ಹೇಳಿಯೂಬಿಟ್ಟೆ. ಅವಳು ಮೊರ ಬದಿಗಿಟ್ಟು ಚಪ್ಪಾಳೆ ತಟ್ಟಿದಳು.