ನಳದ ಲೈನಿನಲ್ಲಿ ನನ್ನ ಇಟ್ಟಿಗೆ

ಮುಂಬೈಗೆ ಬಂದು ನಾನು ಮಾಡಿದ ಮೊದಲ ಕೆಲಸವೆಂದರೆ ಒಬ್ಬ ಅಜ್ಜಿಯನ್ನು ಎತ್ತಿ ಪಕ್ಕಕ್ಕೆ ಇಟ್ಟದ್ದು. ಅದು ಅಜ್ಜಿ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣಿಗೆ ಅದು ಬರೀ ಇಟ್ಟಿಗೆಯಾಗಿತ್ತು.

ವಿಜಾಪುರದ ಕಡೆಯ ಹಳ್ಳಿಯಿಂದ ಗಂಡನ ಹಿಂದೆ ಬಂದು ಆಂಟಾಪ್ ಹಿಲ್ ಬುಡದ ಚಾಳಿನಲ್ಲಿ ಇಳಿದ ಮರುದಿನದ ಮಾತು. ಚಾಳು ಎಂದರೆ ಒಂದು ಉದ್ದ ಪಡಸಾಲೆಗೆ ಅಂಟಿಕೊಂಡ ಒಂಟಿ ಕೋಣೆಗಳು. ಕೋಣೆಗೊಂದು ಸಂಸಾರ, ಎಲ್ಲ ಸಂಸಾರಗಳಿಗೂ ಸೇರಿ ಅಂಗಳದಲ್ಲಿ ಒಂದೇ ನಳ. ಬೆಳಿಗ್ಗೆ ತವರಿನ ತಾಮ್ರದ ಕೊಡ ಹಿಡಿದು ಇಳಿದು ಹೋದರೆ ನಳದ ಮುಂದೆ ಜನರೇ ಇಲ್ಲ. ಇಟ್ಟಿಗೆಗಳು, ಒಂದು ತುಕ್ಕು ಹಿಡಿದ ಡಬ್ಬಿ, ಒಂಟಿ ಚಪ್ಪಲಿ, ಎಲ್ಲ ಒಂದರ ಹಿಂದೆ ಒಂದು ಕೂತಿವೆ. ಯಾರದೋ ಹರಕೆ ಇರಬೇಕು ಅಂದುಕೊಂಡು, ಮುಂದಿನ ಇಟ್ಟಿಗೆಯನ್ನು ಭಕ್ತಿಯಿಂದಲೇ ಸರಿಸಿ ನನ್ನ ಕೊಡ ಇಟ್ಟೆ. ಚಾಳಿನ ಬಾಗಿಲುಗಳೆಲ್ಲ ಒಮ್ಮೆಲೇ ತೆರೆದವು. ಮರಾಠಿಯಲ್ಲಿ ಬೈದರು, ತೆಲುಗಿನಲ್ಲಿ ಬೈದರು, ಇನ್ನೂ ಯಾವ್ಯಾವುದರಲ್ಲೋ ಬೈದರು. ಎಲ್ಲ ಬೈಗುಳದ ನಡುವೆಯೂ ಒಂದೇ ಶಬ್ದ ಕೇಳಿಸುತ್ತಿತ್ತು: ಲೈನ್.

ನನ್ನ ಕೈಯಿಂದ ಕೊಡ ತೆಗೆದುಕೊಂಡು ಹಿಂದಕ್ಕೆ ಕರೆದೊಯ್ದವಳು ಪದ್ದಕ್ಕ. ಉಡುಪಿ ಕಡೆಯವಳು, ನಮ್ಮ ಪಕ್ಕದ ಕೋಣೆ. ಗಂಡ ಹೋಟೆಲಿನಲ್ಲಿ ಅಡುಗೆ ಭಟ್ಟ.

"ಎಂತ ಮಾಡಿದ್ದು ಮಾರಾಯ್ತಿ ನೀನು? ಅದು ಇಟ್ಟಿಗೆ ಅಲ್ಲ, ಮೇಲಿನ ಮಾಳಿಗೆಯ ಅಜ್ಜಿ. ಈ ಲೈನಿನಲ್ಲಿ ಇಟ್ಟದ್ದೆಲ್ಲ ಮನುಷ್ಯರೇ."

"ಹಂಗಾದ್ರ ನಂದು ಎಲ್ಲಿ ಇಡ್ಲಿರೀ ಅಕ್ಕಾರ?"

"ಬಾಲಕ್ಕೆ. ನಾವೆಲ್ಲ ಬಾಲದಿಂದಲೇ ಬಂದದ್ದು."

ಗಟಾರದ ಪಕ್ಕ ಬಿದ್ದಿದ್ದ ಇಟ್ಟಿಗೆಯೊಂದನ್ನು ಆಕೆಯೇ ತಂದು, ಸುಣ್ಣದಲ್ಲಿ ಅಡ್ಡಗೆರೆ ಎಳೆದು ಕೊನೆಗಿಟ್ಟಳು. ಮುಂಬೈಯಲ್ಲಿ ನನ್ನ ಹೆಸರಿಗೆ ಸಿಕ್ಕ ಮೊದಲ ಜಾಗ ಅದು.

ಆಮೇಲೆ ಆ ಶಬ್ದ ನನ್ನ ಬೆನ್ನು ಬಿಡಲಿಲ್ಲ. ರೈಲು ಓಡುವುದೂ ಲೈನು, ಸೀರೆ ಒಣಹಾಕುವ ಹಗ್ಗವೂ ಲೈನು. ದೀಪ ಆರಿದರೆ "ಲೈನ್ ಹೋಯ್ತು" ಅನ್ನುತ್ತಾರೆ. ಪದ್ದಕ್ಕನ ಗಂಡ ಹೋಟೆಲ್ ಲೈನು, ಗುಮಾಸ್ತರಾದ ನಮ್ಮವರು ಬಟ್ಟೆ ಲೈನು. ಊರಿಗೆ ಕಾಗದ ಹಾಕೆಂದು ನೆನಪಿಸುವಾಗಲೂ ನಮ್ಮವರು "ಎರಡು ಲೈನ್ ಬರಿ" ಎನ್ನತೊಡಗಿದ್ದರು. ಪಾಳಿ, ಹಳಿ, ತಂತಿ, ಕಸುಬು, ಗೆರೆ ಎಂದು ನಾವು ಬೇರೆ ಬೇರೆ ಹೇಳುವುದನ್ನೆಲ್ಲ ಈ ಊರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಇಷ್ಟು ಜನಕ್ಕೆ ಬೇರೆ ಬೇರೆ ಮಾತು ಹುಡುಕಲು ಪುರಸೊತ್ತೆಲ್ಲಿ? ಬೇರೆ ಏನೂ ಬಾರದ ನನಗಂತೂ ಅದೊಂದೇ ಶಬ್ದದಲ್ಲಿ ವರ್ಷ ಕಳೆಯಿತು.

ನಮ್ಮೂರ ಬಾವಿಕಟ್ಟೆ ದುಂಡಗಿತ್ತು. ಸುತ್ತ ನಿಂತು ಸೇದುವಾಗ ಎದುರಿನವಳ ಮುಖ ಕಾಣುತ್ತಿತ್ತು. ಯಾರು ಅತ್ತಿದ್ದಾರೆ, ಯಾರು ಬಸುರಿ, ಕೇಳದೆ ತಿಳಿಯುತ್ತಿತ್ತು. ಇಲ್ಲಿ ಮುಂದಿನವಳ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಆದರೆ ಸುಳ್ಳು ಹೇಳಬಾರದು, ಆ ದುಂಡು ಕಟ್ಟೆಯನ್ನು ಊರಿನ ಅರ್ಧ ಜನ ಮುಟ್ಟುವಂತಿರಲಿಲ್ಲ. ಇಲ್ಲಿ ನನ್ನ ಇಟ್ಟಿಗೆಯ ಮುಂದೆ ಯಾರ ಇಟ್ಟಿಗೆ ಇದೆ ಎಂದು ಯಾರೂ ಕೇಳುವುದಿಲ್ಲ. ಇಟ್ಟಿಗೆಗೆ ಜಾತಿಯಿಲ್ಲವಲ್ಲ.

ಮುಂದಿನವರು ಕೋಣೆ ಬಿಟ್ಟು ಹೋದಂತೆಲ್ಲ ನನ್ನ ಇಟ್ಟಿಗೆ ಮುಂದೆ ಸರಿಯಿತು. ಅದು ನಡುವಿಗೆ ಬರುವಷ್ಟರಲ್ಲಿ ನಾನು ಬಸುರಿಯಾದೆ. ಬಾಣಂತನಕ್ಕೆ ತವರಿಗೆ ಹೋಗಬೇಕು. ಹೋದರೆ ಇಟ್ಟಿಗೆಯ ಗತಿ? ಕೆಲವು ದಿನ ಯಾರೂ ನೀರಿಗೆ ಬಾರದಿದ್ದರೆ ಅದು ಮತ್ತೆ ಬಾಲಕ್ಕೆ. ಬಾಲದವರ ಪಾಳಿ ಬರುವಾಗ ನಳ ದಾರದಷ್ಟು ಸಣ್ಣಗೆ ಸುರಿದು ನಿಂತುಹೋಗುತ್ತದೆ. ಎಳೆಕೂಸು ಇಟ್ಟುಕೊಂಡು ನೀರಿಲ್ಲದೆ ಹೇಗೆ ಬದುಕುವುದು ಎನ್ನುವುದೇ ನನ್ನ ಚಿಂತೆಯಾಗಿತ್ತು. ಹೆರಿಗೆಗಿಂತ ಅದಕ್ಕೇ ಹೆಚ್ಚು ಹೆದರಿದ್ದೆ.

"ನೀನು ಹೋಗಿ ಬಾ," ಅಂದಳು ಪದ್ದಕ್ಕ. "ನಿನ್ನ ಇಟ್ಟಿಗೆಯ ನೀರು ನಾನು ಹಿಡೀತೇನೆ. ಕೂಸು ಇರುವ ಮನೆಗೆ ಇನ್ನೊಂದು ಕೊಡ ಜಾಸ್ತಿ ಉಂಟು ಇಲ್ಲಿ, ಬಟ್ಟೆ ತೊಳೆಯಲಿಕ್ಕೆ. ಅದನ್ನೂ ಕೇಳಿ ಇಡ್ತೇನೆ."

ತವರಿನಲ್ಲಿ ಹೆಣ್ಣು ಹುಟ್ಟಿತು. ತಲೆತುಂಬ ಕೂದಲು, ಎಡಗೈ ಮುಷ್ಟಿ ಬಿಚ್ಚುತ್ತಲೇ ಇರಲಿಲ್ಲ. ತೊಟ್ಟಿಲಿಗೆ ಹಾಕುವ ಮೊದಲೇ ಜ್ವರ ಬಂದು ಕೂಸು ಹೋಗಿಬಿಟ್ಟಿತು. ಸುದ್ದಿ ಮುಟ್ಟಿ ನಮ್ಮವರು ಬಂದಾಗ ಅವರಿಗೆ ತೋರಿಸಲು ಹೊಲದ ಬದುವಿನಲ್ಲಿ ಹಸಿ ಮಣ್ಣು ಮಾತ್ರ ಇತ್ತು. ಅವರು ಅಲ್ಲಿ ಸ್ವಲ್ಪ ಹೊತ್ತು ಕೂತರು. ರಜೆ ಇರಲಿಲ್ಲ, ಮುಂಬೈಗೆ ಹೊರಟರು.

ನಾನು ಮೈ ಸುಧಾರಿಸಿಕೊಂಡು ಚಾಳಿಗೆ ಮರಳಿದ್ದು ಒಂದು ಸಂಜೆ. ಪದ್ದಕ್ಕ ಹೋಟೆಲಿನವರ ಮದುವೆಗೆ ಹೋಗಿದ್ದಳು, ಸಿಗಲಿಲ್ಲ. ಬೆಳಿಗ್ಗೆ ಕೊಡ ಹಿಡಿದು ಇಳಿದೆ. ಸುಣ್ಣದ ಗೆರೆಯ ನನ್ನ ಇಟ್ಟಿಗೆ ಬಿಟ್ಟುಹೋದ ಜಾಗಕ್ಕಿಂತ ಮುಂದೆಯೇ ಇತ್ತು. ಅದರ ಹಿಂದೆ ಅಂಟಿಕೊಂಡಂತೆ ಒಂದು ಅರ್ಧ ಇಟ್ಟಿಗೆ. ಅದಕ್ಕೂ ಸುಣ್ಣದ ಪುಟ್ಟ ಗೆರೆ.

ಪದ್ದಕ್ಕ ನನ್ನನ್ನು ಕಂಡು ಓಡಿ ಬಂದಳು. "ಬಂದೆಯಾ? ಎಲ್ಲಿ, ಮಲಗಿಸಿ ಬಂದೆಯಾ ಮಗಳನ್ನು? ನೋಡು, ಅವಳದ್ದು. ನಿನ್ನ ಗಂಡನನ್ನು ಕೇಳಿದೆ, ಎಂತ ಮಗು ಅಂತ. ಹೆಣ್ಣು ಅಂದರು. ಅವತ್ತೇ ಇಟ್ಟೆ."

ನಮ್ಮವರು ಅಷ್ಟೇ ಹೇಳಿದ್ದರು. ಮುಂದಿನದನ್ನು ಹೇಳದೆ ಲೋಕಲ್ ಹಿಡಿಯಲು ಹೋಗಿದ್ದರು. ದಿನಾ ಬೆಳಿಗ್ಗೆ ಆ ಅರ್ಧ ಇಟ್ಟಿಗೆಯ ಪಕ್ಕದಲ್ಲೇ ನಡೆದುಹೋಗಿದ್ದಾರೆ. ನನಗೂ ಒಂದು ಮಾತು ಹೇಳಿರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

"ಅಕ್ಕಾರ, ಕೂಸು ಉಳೀಲಿಲ್ಲ," ಅಂದೆ.

ಪದ್ದಕ್ಕ ನನ್ನ ಕೊಡವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಾವಿಕಟ್ಟೆಯಾಗಿದ್ದರೆ ಎಲ್ಲರ ಹಗ್ಗ ನಿಲ್ಲುತ್ತಿತ್ತು. ಇಲ್ಲಿ ನಳ ಸುರಿಯುತ್ತಲೇ ಇತ್ತು. ನನ್ನ ಪಾಳಿ ಬಂತು, ಕೊಡ ತುಂಬಿತು. ಹಿಂದಿನಿಂದ ಒಬ್ಬಳು ಮರಾಠಿಯಲ್ಲಿ, ಮಗುವಿನ ಕೊಡವನ್ನೂ ಬೇಗ ಹಿಡಿ, ನೀರು ಹೋಗುತ್ತದೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾನು ಬಾಗಿ ಅರ್ಧ ಇಟ್ಟಿಗೆಯನ್ನು ಎತ್ತಿಕೊಂಡೆ. ಆ ಜಾಗಕ್ಕೆ ಅವಳ ಡಬ್ಬಿ ಸರಿಯಿತು, ಅದರ ಹಿಂದೆ ಚಪ್ಪಲಿ, ಅದರ ಹಿಂದೆ ಉಳಿದವು. ಅವರನ್ನು ಬೈಯಲಾರೆ. ಅವರ ಮನೆಯಲ್ಲೂ ನೀರಿರಲಿಲ್ಲ.

ನಾನು ಬಂದಾಗ ನಮ್ಮ ಹಳ್ಳಿಯೂ ಮುಂಬೈ ರಾಜ್ಯದಲ್ಲೇ ಇತ್ತು. ಈಗ ನಕಾಶೆಯ ಮೇಲೆ ಹೊಸ ಲೈನ್ ಎಳೆದಿದ್ದಾರೆ. ಕನ್ನಡದವರೆಲ್ಲ ಒಂದಾದರೆಂದು ಊರಲ್ಲಿ ಪೇಢೆ ಹಂಚಿದರಂತೆ. ನನಗೂ ಸಂತೋಷವೇ. ಆದರೆ ನಾನು ಗೆರೆಯ ಈಚೆ ಉಳಿದೆ, ಮಗಳು ಆಚೆ ಹೊಲದ ಬದುವಿನಲ್ಲಿ ಇದ್ದಾಳೆ. ಅರ್ಧ ಇಟ್ಟಿಗೆ ನಮ್ಮ ಕೋಣೆಯಲ್ಲಿ, ಒಲೆಯ ಹಿಂದೆ ಇದೆ. ಅದನ್ನು ನಮ್ಮವರೂ ಮುಟ್ಟುವುದಿಲ್ಲ, ನಾನೂ ಮುಟ್ಟುವುದಿಲ್ಲ.

ಪಂಚಮಿಗೆ ಬಾ ಎಂದು ಅವ್ವ ಹೇಳಿ ಕಳಿಸಿದ್ದಾಳೆ. ಹೋಗಬೇಕು, ಬದುವಿಗೆ ಒಂದು ಚೊಂಬು ನೀರು ಹಾಕಿ ಬರಬೇಕು. ಹೊರಡುವ ಮೊದಲು ಪದ್ದಕ್ಕನಿಗೆ ಹೇಳಬೇಕು, ಈ ಸಲ ನನ್ನದೊಂದೇ ಇಟ್ಟಿಗೆ ನೋಡಿಕೊಂಡರೆ ಸಾಕೆಂದು.